ಅಂಗೈ ಅಗಲದ ಸ್ಪಿಟ್‌ಫೈರ್ ಮೇಲೆ ನಮ್ಮ ಸಂಸ್ಥಾನದ ಹೆಸರು

1940ರ ಬೇಸಿಗೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಆಕಾಶದಲ್ಲಿ ಜರ್ಮನ್ ಬಾಂಬರುಗಳ ಬೆನ್ನು ಹತ್ತಿದ್ದ ಬ್ರಿಟಿಷ್ ಸ್ಪಿಟ್‌ಫೈರ್ ಯುದ್ಧವಿಮಾನಗಳ ಒಂದು ದಳದ ಹೆಸರು ಹೈದರಾಬಾದ್! ನಂಬರ್ 152 (ಹೈದರಾಬಾದ್) ಸ್ಕ್ವಾಡ್ರನ್. ಡಾರ್ಸೆಟ್‌ನ ವಾರ್ಮ್‌ವೆಲ್ ಎಂಬ ಸಣ್ಣ ವಾಯುನೆಲೆಯಿಂದ ಏಳುತ್ತಿದ್ದ ಆ ವಿಮಾನಗಳು ಪೋರ್ಟ್‌ಲ್ಯಾಂಡ್ ಬಂದರಿನ ನೌಕಾನೆಲೆಯನ್ನು ಕಾಯುತ್ತಿದ್ದವು. ಆ ದಳದ ಲಾಂಛನದ ನಟ್ಟನಡುವೆ ಏನಿದೆ ಗೊತ್ತೇ? ನಿಜಾಮರ ತಲೆಯ ಪೇಟ, ದಸ್ತಾರ್! ಅದರ ಕೆಳಗೆ ‘ನಂಬಿಕಸ್ತ ಮಿತ್ರ’ ಎಂಬರ್ಥದ ಧ್ಯೇಯವಾಕ್ಯ. ಬ್ರಿಟಿಷರು ನಿಜಾಮರಿಗೆ ಕೊಟ್ಟಿದ್ದ ಬಿರುದೂ ಅದೇ.

ಆಗ ನಮ್ಮ ಊರು ಭಂಕೂರ ಯಾವ ರಾಜ್ಯದಲ್ಲಿತ್ತು? ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಯಾರ ಆಡಳಿತದಲ್ಲಿದ್ದವು? ಎಲ್ಲವೂ ಹೈದರಾಬಾದ್ ಸಂಸ್ಥಾನದ ಊರುಗಳು. ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಭಾಗ ಬಿಡುಗಡೆಗಾಗಿ 1948ರ ಸೆಪ್ಟೆಂಬರ್ 17ರವರೆಗೆ ಕಾಯಬೇಕಾಯಿತು ಎಂಬುದು ಇಲ್ಲಿಯ ಮಕ್ಕಳಿಗೂ ಗೊತ್ತು. ಆದರೆ ನಮ್ಮ ತಂದೆ-ತಾತಂದಿರು ಬದುಕಿದ್ದ ಸಂಸ್ಥಾನದ ಹೆಸರು ಹೊತ್ತ ದಳವೊಂದು ‘ಬ್ರಿಟನ್ ಕದನ’ ಎನಿಸಿದ ಆ 1940ರ ಕಾಳಗದ ಆಕಾಶದಲ್ಲಿ ಹಾರಾಡಿತ್ತು ಎಂಬುದು ಎಷ್ಟು ಮಂದಿಗೆ ಗೊತ್ತು? ಸಂಸ್ಥಾನದ ಖಜಾನೆ ತುಂಬುತ್ತಿದ್ದ ಜಿಲ್ಲೆಗಳಲ್ಲಿ ಗುಲ್ಬರ್ಗವೂ ಒಂದು. ಜೀವಮಾನದಲ್ಲಿ ವಿಮಾನವನ್ನೇ ಹತ್ತಿರದಿಂದ ಕಾಣದ ತೊಗರಿ-ಜೋಳದ ರೈತನ ಕಂದಾಯವೂ ಆ ಹೆಸರಿನ ಹಿಂದಿನ ನಿಜಾಮರ ದೇಣಿಗೆಯಲ್ಲಿ ಇದೆ ಎಂದು ನನ್ನ ಮನಸ್ಸು ಹೇಳುತ್ತದೆ.

ಇದನ್ನೆಲ್ಲ ನನಗೆ ತೋರಿಸಿಕೊಟ್ಟದ್ದು ಒಂದು ಅಗ್ಗದ ಪ್ಲಾಸ್ಟಿಕ್ ಕಿಟ್! ಯುದ್ಧಕಾಲದ ವಿಮಾನದ ಮಾದರಿ ಕಟ್ಟುವವರು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ಯಾವ ದಳದ ವಿಮಾನ? ಬಣ್ಣ, ಅಕ್ಷರ, ಪಟ್ಟೆ ಎಲ್ಲವೂ ಆ ಉತ್ತರದಿಂದಲೇ ಹುಟ್ಟಬೇಕು. ಉತ್ತರ ಹುಡುಕುತ್ತ ಹೋದವನಿಗೆ ಕಂಡದ್ದು ಹೈದರಾಬಾದ್. ಅಲ್ಲಿಂದ ಮುಂದೆ ಆ ಪೆಟ್ಟಿಗೆ ಆಟಿಕೆಯಾಗಿ ಉಳಿಯಲಿಲ್ಲ.

ಮೊದಲು ಅಳತೆಯ ಅದ್ಭುತ ನೋಡಿ. ಪೆಟ್ಟಿಗೆಯ ಮೇಲೆ 1:72 ಎಂದು ಬರೆದಿರುತ್ತದೆ. ನಿಜವಾದ ಸ್ಪಿಟ್‌ಫೈರ್ ಮಾರ್ಕ್ 1ರ ರೆಕ್ಕೆಯ ತುದಿಯಿಂದ ತುದಿಗೆ 11.23 ಮೀಟರ್, ಮಾದರಿಯಲ್ಲಿ ಅದು 15.6 ಸೆಂಟಿಮೀಟರ್. 9.12 ಮೀಟರಿನ ಉದ್ದ 12.7 ಸೆಂಟಿಮೀಟರಿಗೆ ಇಳಿಯುತ್ತದೆ. ಆರಡಿಗೆ ಸ್ವಲ್ಪ ಕಡಿಮೆ ಎತ್ತರದ ಪೈಲಟ್ ಎದ್ದುನಿಂತರೆ ಎರಡೂವರೆ ಸೆಂಟಿಮೀಟರೂ ಇಲ್ಲ! 72 ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಒಂದು ಅಂಗುಲ ಎಂದರೆ ಆರು ಅಡಿ, ಅಂದರೆ ಒಬ್ಬ ಆಳಿನ ಎತ್ತರ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ 5 ಲಕ್ಷ ಮರದ ಮಾದರಿ ವಿಮಾನಗಳನ್ನು ಕೇಳಿತು. ಶತ್ರುವಿನದ್ದು ಯಾವುದು, ನಮ್ಮದು ಯಾವುದು ಎಂದು ದೂರದಿಂದಲೇ ಗುರುತಿಸಲು ಸೈನಿಕರಿಗೆ ಕಲಿಸುವುದಕ್ಕೆ. ಆ ಮಾದರಿಗಳ ಅಳತೆಯೂ 1:72. ಅಂಥದ್ದನ್ನು 35 ಅಡಿ ದೂರದಲ್ಲಿ ಹಿಡಿದರೆ ನಿಜವಾದ ವಿಮಾನ ಅರ್ಧ ಮೈಲಿ ದೂರದಲ್ಲಿ ಕಂಡಂತೆ ಕಾಣುತ್ತದೆ. ಮಕ್ಕಳ ಕೈಕೆಲಸ ಯುದ್ಧದ ಪಾಠವಾಯಿತು!

ಯುದ್ಧ ಮುಗಿದ ಮೇಲೆ ಅದೇ ಅಳತೆ ಬಡವರ ಮನೆಯ ಹುಡುಗರ ಕೈಗೂ ಬಂತು. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1952ರಲ್ಲಿ ಗೋಲ್ಡನ್ ಹೈಂಡ್ ಎಂಬ ಹಡಗಿನ ಕಿಟ್ ಅನ್ನು ವುಲ್‌ವರ್ತ್ಸ್ ಅಂಗಡಿಗಳಲ್ಲಿ ಎರಡು ಶಿಲ್ಲಿಂಗಿಗೆ ಮಾರಿತು. ಬೆಲೆ ಇಳಿಸಲು ರಟ್ಟಿನ ಪೆಟ್ಟಿಗೆ ಬಿಟ್ಟು ಚೀಲದಲ್ಲಿ ಹಾಕಿ ಮಾರಿದರು. ಅದರ ಬೆನ್ನಲ್ಲೇ ಕಂಪನಿಯ ಮೊದಲ ವಿಮಾನದ ಕಿಟ್ ಬಂತು. ಯಾವುದು? ಸ್ಪಿಟ್‌ಫೈರ್!

ಪೆಟ್ಟಿಗೆ ತೆರೆದರೆ ಪ್ಲಾಸ್ಟಿಕ್ ಚೌಕಟ್ಟುಗಳಲ್ಲಿ ಅಂಟಿಕೊಂಡ ತುಂಡುಗಳು. ಪಾಲಿಸ್ಟೈರೀನ್ ಎಂಬ ಈ ಪ್ಲಾಸ್ಟಿಕ್‌ನ ಗುಣ ವಿಚಿತ್ರ. ಇದನ್ನು ಜೋಡಿಸುವ ದ್ರವ ಗೋಂದಿನ ಹಾಗೆ ನಡುವೆ ಕುಳಿತು ಹಿಡಿದುಕೊಳ್ಳುವುದಿಲ್ಲ. ಎರಡೂ ಅಂಚುಗಳನ್ನು ಕರಗಿಸುತ್ತದೆ; ಈ ಬದಿಯ ಅಣುಸರಪಳಿಗಳು ಆ ಬದಿಯವುಗಳ ಜೊತೆ ಹೆಣೆದುಕೊಳ್ಳುತ್ತವೆ; ದ್ರವ ಆವಿಯಾಗಿ ಹೋಗುತ್ತದೆ. ಉಳಿಯುವುದು ಒಂದೇ ತುಂಡು. ಅಂಟಿಸುವುದು ಎನ್ನುತ್ತೇವಲ್ಲ, ನಡೆಯುವುದು ವೆಲ್ಡಿಂಗ್! ಹೊರದೇಶದ ಪುಟ್ಟ ಬಾಟಲಿಗೆ ಕಿಟ್‌ನಷ್ಟೇ ದುಡ್ಡು ಸುರಿಯಬೇಕಿಲ್ಲ. ಬಣ್ಣದಂಗಡಿಯ ಎನ್‌ಸಿ ಥಿನ್ನರ್ ಅನ್ನು ಸಣ್ಣ ಕುಂಚದ ತುದಿಯಲ್ಲಿ ಮುಟ್ಟಿಸಿದರೆ ಅದು ಬಿರುಕಿನೊಳಗೆ ತಾನೇ ಓಡುತ್ತದೆ. ಕಿಟಕಿ ತೆರೆದಿರಲಿ, ದೀಪ-ಬೆಂಕಿ ದೂರ ಇರಲಿ, ಚಿಕ್ಕ ಮಕ್ಕಳ ಕೈಗೆ ಆ ಬಾಟಲಿ ಸಿಗದಿರಲಿ. ಖಾಲಿಯಾದ ಚೌಕಟ್ಟನ್ನು ಎಸೆಯಬೇಡಿ. ಅದರ ಚೂರುಗಳನ್ನು ಅದೇ ಥಿನ್ನರಿನಲ್ಲಿ ನೆನೆಹಾಕಿದರೆ ಸಂದು ತುಂಬುವ ಲಪ್ಪ ಸಿದ್ಧ. ಥಿನ್ನರ್ ಮುಟ್ಟದ ಚೌಕಟ್ಟಿನ ಕಡ್ಡಿಯನ್ನು, ಬಾಟಲಿಯಿಂದ ದೂರ, ಮೇಣದಬತ್ತಿಯ ಶಾಖಕ್ಕೆ ಹಿಡಿದು ಎಳೆದರೆ ಕೂದಲಿನಷ್ಟು ತೆಳ್ಳಗಿನ ರೇಡಿಯೋ ತಂತಿ ಸಿದ್ಧ. ಒಂದು ಕಿಟ್ ತನ್ನ ಗಾಯಕ್ಕೆ ತಾನೇ ಮದ್ದು ಕೊಡುತ್ತದೆ!

ಇನ್ನು ರೆಕ್ಕೆ. ಸ್ಪಿಟ್‌ಫೈರನ್ನು ಲೋಕ ಗುರುತಿಸುವುದೇ ಆ ಅಂಡಾಕಾರದ ರೆಕ್ಕೆಯಿಂದ. ವಿನ್ಯಾಸಕ ಆರ್. ಜೆ. ಮಿಚೆಲ್ ತಂಡಕ್ಕೆ ಬೇಕಾಗಿದ್ದದ್ದು ಆದಷ್ಟು ತೆಳ್ಳಗಿನ ರೆಕ್ಕೆ. ಅದರೊಳಗೇ ಎಂಟು ಬ್ರೌನಿಂಗ್ ಮಷೀನ್‌ಗನ್ನುಗಳು, ಗುಂಡುಗಳು, ಮಡಚಿಕೊಳ್ಳುವ ಚಕ್ರಗಳು ಎಲ್ಲ ಅಡಗಬೇಕು. ಅಂಡಾಕಾರವಾದರೆ ಬುಡದಿಂದ ಬಹುದೂರದವರೆಗೆ ಅಗಲ ಉಳಿಯುತ್ತದೆ, ತುದಿಯಲ್ಲಷ್ಟೇ ಕಿರಿದಾಗುತ್ತದೆ. ಗಾಳಿಯ ಎಳೆತವೂ ಕಡಿಮೆ. 1936ರ ಮಾರ್ಚ್ 5ರಂದು ಈಸ್ಟ್‌ಲಿಯಲ್ಲಿ ಅದು ಮೊದಲ ಸಲ ಹಾರಿತು. ಮಿಚೆಲ್ 1937ರಲ್ಲೇ ತೀರಿಕೊಂಡರು. ತಮ್ಮ ವಿಮಾನ ಯುದ್ಧ ಗೆದ್ದದ್ದನ್ನು ಆ ಮನುಷ್ಯ ನೋಡಲೇ ಇಲ್ಲ ಎಂಬುದನ್ನು ನೆನೆದರೆ ಇಂದಿಗೂ ಎದೆ ಭಾರವಾಗುತ್ತದೆ.

ಅಗ್ಗದ ಕಿಟ್‌ಗಳಲ್ಲಿ ಈ ತೆಳ್ಳಗಿನ ರೆಕ್ಕೆಯೇ ತಂಟೆ. ಮೇಲಿನ ತುಂಡು, ಕೆಳಗಿನ ತುಂಡು ಕೂಡಿದಾಗ ಹಿಂದಿನ ಅಂಚು ದಪ್ಪ ಬರುತ್ತದೆ. ಅಂಟಿಸುವ ಮೊದಲೇ ಎರಡರ ಒಳಬದಿಯನ್ನೂ ಸವೆಸಬೇಕು. ಅದಕ್ಕೆ ಬೇಕು ಸ್ವಲ್ಪವೂ ಏರಿಳಿತವಿಲ್ಲದ ನೆಲ. ಇಲ್ಲಿ ನಮ್ಮ ಭಂಕೂರಿನ ಭಾಗ್ಯ ನೋಡಿ! ಬೇರೆ ಊರಿನವರು ದಪ್ಪ ಗಾಜಿನ ತುಂಡಿಗಾಗಿ ಹುಡುಕುತ್ತಾರೆ. ನಮ್ಮಲ್ಲಿ ಗಣಿಯಿಂದ ಎದ್ದು ಬರುವ ಪರ್ಸಿಯೇ ಪದರ ಪದರವಾಗಿ ಸೀಳುವ ಸುಣ್ಣಕಲ್ಲು. ಕೋಟಿಗಟ್ಟಲೆ ವರ್ಷಗಳ ಹಿಂದೆ ಕಡಲ ತಳದಲ್ಲಿ ಸಮವಾಗಿ ಕೂತ ಕೆಸರು ಕಲ್ಲಾದದ್ದು. ದೇಶದ ಅದೆಷ್ಟೋ ರೈಲು ನಿಲ್ದಾಣಗಳಿಗೆ, ಮನೆಗಳ ಪಡಸಾಲೆಗಳಿಗೆ ಹಾಸಾದ ಶಹಾಬಾದ್ ಕಲ್ಲು. ಪಾಲಿಶ್ ಆದ ಒಂದು ಸಣ್ಣ ತುಂಡಿನ ಮೇಲೆ ವಾಟರ್ ಪೇಪರ್ ಅಂಟಿಸಿ, ನೀರು ಚಿಮುಕಿಸಿ, ರೆಕ್ಕೆಯ ತುಂಡನ್ನು ಬೆರಳಿನಡಿ ಇಟ್ಟು ಸುತ್ತು ಸುತ್ತಾಗಿ ಉಜ್ಜಿ. ಮೊದಲು 400ರ ಪೇಪರ್, ಆಮೇಲೆ 1000. ಅಂಚು ಬ್ಲೇಡಿನಷ್ಟು ತೆಳ್ಳಗೆ ಬರುತ್ತದೆ. ಸೌತಾಂಪ್ಟನ್ನಿನಲ್ಲಿ ಮಿಚೆಲ್ ಕಂಡ ಕನಸಿನ ರೆಕ್ಕೆಗೆ ಭಂಕೂರಿನ ಕಲ್ಲಿನ ಮೇಲೆ ಸಾಣೆ!

ಬಣ್ಣದ ಲೋಕ ಇನ್ನೂ ದೊಡ್ಡದು. 1940ರ ಸ್ಪಿಟ್‌ಫೈರಿನ ಮೇಲ್ಮೈಗೆ ಎರಡು ಬಣ್ಣ: ಕಡು ಹಸಿರು, ಮಣ್ಣುಗಂದು. ಮೇಲಿನಿಂದ ನೋಡುವ ಶತ್ರುವಿಗೆ ಹೊಲ-ಗಿಡಗಳ ನಡುವೆ ಕಳೆದುಹೋಗಲೆಂದು. ಕೆಳಮೈಗೆ ಆಕಾಶದಲ್ಲಿ ಕರಗುವ ತಿಳಿ ಹಸಿರು ಛಾಯೆಯ ‘ಸ್ಕೈ’. ಆ ವರ್ಷದ ಜೂನ್‌ವರೆಗೆ ಕೆಳಮೈಯ ಅರ್ಧ ಕಪ್ಪು, ಅರ್ಧ ಬಿಳಿ ಇತ್ತು. ನೆಲದ ಮೇಲಿನ ಕಾವಲಿನವರು ತಮ್ಮ ವಿಮಾನವನ್ನು ಗುರುತಿಸಲಿ ಎಂದು. ಒಂದೇ ಒಂದು ತಿಂಗಳ ವ್ಯತ್ಯಾಸಕ್ಕೆ ಮಾದರಿಯ ಹೊಟ್ಟೆಯ ಬಣ್ಣವೇ ಬದಲು!

ಇದಕ್ಕೆಲ್ಲ ಸ್ಟೇಷನರಿ ಅಂಗಡಿಯ ಆಕ್ರಿಲಿಕ್ ಬಣ್ಣ ಸಾಕು. ಸ್ಯಾಪ್ ಗ್ರೀನ್‌ಗೆ ಚೂರು ಕಪ್ಪು, ಚೂರು ಕಂದು. ಯೆಲ್ಲೋ ಓಕರ್‌ಗೆ ಬರ್ಂಟ್ ಅಂಬರ್. ಬಿಳಿಗೆ ಹಳದಿಯದ್ದೊಂದು ಹನಿ, ಹಸಿರಿನದ್ದೊಂದು ಹನಿ. ಎಲ್ಲದಕ್ಕೂ ತುಸು ಬಿಳಿ ಬೆರೆಸುವುದನ್ನು ಮರೆಯಬಾರದು. ಯಾಕೆ? ಒಂದಡಿ ದೂರದಿಂದ ಮಾದರಿಯನ್ನು ನೋಡುವುದೆಂದರೆ ನಿಜ ವಿಮಾನವನ್ನು 72 ಅಡಿಯಿಂದ ನೋಡಿದ ಹಾಗೆ; ನಡುವೆ ಇರುವ ಗಾಳಿ ಬಣ್ಣವನ್ನು ತಿಳಿಗೊಳಿಸುತ್ತದೆ. ಹೀಗೆ ಗಾಳಿಗೂ ಬಣ್ಣ ಬಳಿಯುವ ಕಲೆ ಇದು! ಇನ್ನೊಂದು ಲೆಕ್ಕ ಕೇಳಿ: ಹತ್ತರಲ್ಲೊಂದು ಮಿಲಿಮೀಟರ್ ದಪ್ಪ ಬಳಿದ ಬಣ್ಣ ನಿಜ ಅಳತೆಯಲ್ಲಿ 7 ಮಿಲಿಮೀಟರಿಗೂ ಮೀರಿದ ಗಾರೆ. ಆದ್ದರಿಂದಲೇ ನೀರಾಗಿ ತೆಳುವಾದ ಕೈಗಳು ಬೇಕು. ಮೊದಲ ಕೈ ಪೂರ್ತಿ ಒಣಗಿದ ಮೇಲೆ ಎರಡನೆಯದು, ಅದು ಒಣಗಿದ ಮೇಲೆ ಮೂರನೆಯದು. ನಮ್ಮ ಬೇಸಿಗೆಯ ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನದಲ್ಲಿ ಕುಂಚದ ಮೇಲೇ ಬಣ್ಣ ಒಣಗುತ್ತದೆ. ಬಿಸಿಲೇರುವ ಮುಂಚೆ, ಬೆಳಗಿನ ತಂಪಿನಲ್ಲಿ ಕೂತರೆ ಕುಂಚದ ಗೀರು ಕಾಣದಂತೆ ಕೆಲಸ ಮುಗಿಯುತ್ತದೆ. ಏರ್‌ಬ್ರಶ್ ಇಲ್ಲ ಎಂದು ಕೊರಗುವ ಅಗತ್ಯವೇ ಇಲ್ಲ.

ರೆಕ್ಕೆಯ ಮುಂದಿನ ಅಂಚಿನಲ್ಲಿ ಕೆಂಪು ಚುಕ್ಕೆಗಳನ್ನು ಇಡುವ ಹೊತ್ತು ಬಂದಾಗ ನನ್ನ ಕೈ ನಿಂತುಬಿಟ್ಟಿತು. ಅವು ಅಲಂಕಾರವಲ್ಲ. ಎತ್ತರದ ಕೊರೆಯುವ ಚಳಿ ಬಂದೂಕಿನೊಳಗೆ ಹೋಗಿ ಹೆಪ್ಪುಗಟ್ಟಿಸದಿರಲಿ ಎಂದು ಬಾಯಿಗೆ ಹಚ್ಚುತ್ತಿದ್ದ ಬಟ್ಟೆಯ ತೇಪೆಗಳು. ಗುಂಡು ಹಾರಿದ ಕೂಡಲೇ ಹರಿಯುತ್ತವೆ. ವಿಮಾನ ಮರಳಿ ಇಳಿಯುತ್ತಿರುವಾಗ ನೆಲದ ಮೇಲಿನ ಮೆಕ್ಯಾನಿಕ್ ಆ ತೇಪೆಗಳನ್ನು ನೋಡಿಯೇ ತನ್ನ ಹುಡುಗ ಇವತ್ತು ಕಾಳಗ ಮಾಡಿ ಬಂದ ಎಂದು ತಿಳಿಯುತ್ತಿದ್ದ! ಮಾದರಿಯಲ್ಲಿ ಅದನ್ನು ಹರಿದಂತೆ ಬಿಡಿಸುವುದೋ, ಹಾಗೇ ಬಿಡುವುದೋ ಎಂಬುದೇ ಒಂದು ಕಥೆಯ ಆಯ್ಕೆ.

ಮೂಗಿನೊಳಗೆ ಅಡಗಿರುವ 27 ಲೀಟರಿನ, ಹನ್ನೆರಡು ಸಿಲಿಂಡರಿನ ರೋಲ್ಸ್‌ರಾಯ್ಸ್ ಮರ್ಲಿನ್ ಎಂಜಿನ್ ಮಾದರಿಯಲ್ಲಿ ಕಾಣುವುದಿಲ್ಲ. ಆದರೂ ಅದರ ಒಂದು ಸಂಗತಿ ಹೇಳದೆ ಇರಲಾರೆ. ಪೈಲಟ್ ದಿಢೀರನೆ ಮೂಗು ಕೆಳಗೆ ತಿರುಗಿಸಿದರೆ ಕಾರ್ಬ್ಯುರೇಟರಿನ ಇಂಧನ ಮೇಲಕ್ಕೆ ಚಿಮ್ಮಿ ಎಂಜಿನ್ ಮುಗ್ಗರಿಸುತ್ತಿತ್ತು. ಜರ್ಮನ್ ವಿಮಾನಗಳಿಗೆ ಆ ಕಾಟ ಇರಲಿಲ್ಲ. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರ್ ಕೊಟ್ಟ ಪರಿಹಾರ ಏನು? ಲೆಕ್ಕ ಹಾಕಿ ಕೊರೆದ ತೂತಿನ, ವಾಷರ್‌ನಂಥ ಒಂದು ಸಣ್ಣ ಲೋಹದ ತುಂಡು! ಪಡೆಯ ವಿಮಾನಗಳಿಗೆಲ್ಲ ಅದನ್ನು ಕೂಡಿಸಲು ಆಕೆ ವಾಯುನೆಲೆಯಿಂದ ವಾಯುನೆಲೆಗೆ ಓಡಾಡಿದಳು. ಅಗ್ಗದ ಉಪಾಯ ಎಂದರೆ ಇದು.

ಕೊನೆಗೆ ಮೈಮೇಲಿನ ಅಕ್ಷರಗಳು. 152ನೇ ದಳದ ಗುರುತು ಯುಎಂ. ಬೂದುಬಣ್ಣದ ಆ ಎರಡು ಅಕ್ಷರಗಳನ್ನು ಕಿಟ್‌ನ ಡೆಕಾಲ್ ಅಂಟುಚಿತ್ರದ ಹಾಳೆ ಕೊಡದಿದ್ದರೂ ಚಿಂತೆಯಿಲ್ಲ. ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಚ್ಚು ಮಾಡಿಕೊಳ್ಳಬಹುದು. ಪಕ್ಕದ, ಬ್ರಿಟಿಷ್ ವಾಯುಪಡೆಯ ಗುರುತಾದ ಕೆಂಪು-ಬಿಳಿ-ನೀಲಿ-ಹಳದಿ ವರ್ತುಲ ಮಾದರಿಯಲ್ಲಿ ಹನ್ನೆರಡು ಮಿಲಿಮೀಟರಿನಷ್ಟು ಅಗಲ. ಶಾಲೆಯ ಕಂಪಾಸಿನಲ್ಲಿ ಪೆನ್ಸಿಲ್ ಬದಲು ತೆಳು ಪೆನ್ನು ಹಾಕಿದರೆ ಅದೂ ಸಾಧ್ಯ.

ಇದೇ ದಳ ಮುಂದೆ ನಮ್ಮ ಕಡೆಗೇ ಬಂತು! 1943ರ ಕೊನೆಗೆ ಭಾರತಕ್ಕೆ ಬಂದು, ಬರ್ಮಾ ಯುದ್ಧರಂಗದಲ್ಲಿ ಜಪಾನಿಯರ ಮೇಲೆ ಹಾರಾಡಿತು. ಆಗಿನ ಮಾರ್ಕ್ 8 ಸ್ಪಿಟ್‌ಫೈರ್‌ಗಳ ಮೈಮೇಲೆ, ವರ್ತುಲವನ್ನೇ ದಾಟಿ ಜಿಗಿಯುವ ಕರಿಚಿರತೆಯ ಚಿತ್ರ! ಆ ವರ್ತುಲದಲ್ಲಿ ಕೆಂಪೇ ಇಲ್ಲ, ಕಡು ನೀಲಿ ಮತ್ತು ತಿಳಿ ನೀಲಿ ಮಾತ್ರ. ಕೆಂಪು ಚುಕ್ಕೆ ಕಂಡರೆ ಜಪಾನಿನ ಸೂರ್ಯ ಎಂದು ಭ್ರಮಿಸಿ ತಮ್ಮವರೇ ಗುಂಡು ಹೊಡೆದಾರು ಎಂಬ ಭಯ. ಇಷ್ಟಗಲದ ಒಂದು ಚುಕ್ಕೆಯ ಬಣ್ಣದಲ್ಲಿ ಜೀವ-ಸಾವಿನ ಲೆಕ್ಕ! ಮಾರ್ಕ್ 8 ಹೇಗಿತ್ತೆಂದು ಕಣ್ಣಾರೆ ಕಾಣಬೇಕಾದವರು ದೆಹಲಿಯ ಪಾಲಂಗೆ ಹೋಗಬೇಕು. ನಮ್ಮ ವಾಯುಪಡೆ ಒಂದನ್ನು ಜೋಪಾನ ಮಾಡಿದೆ.

ಇತ್ತ ಹಳೇ ಮೈಸೂರಿನವರೂ ಕೇಳಬೇಕು. 1941ರ ಜೂನ್‌ನಲ್ಲಿ ಕಟ್ಟಿದ ನಂಬರ್ 129 (ಮೈಸೂರು) ಸ್ಕ್ವಾಡ್ರನ್ ಕೂಡ ಸ್ಪಿಟ್‌ಫೈರ್ ದಳ. ಅದರ ಲಾಂಛನ ಗಂಡಭೇರುಂಡ! ಇಂದು ಕರ್ನಾಟಕ ಸರ್ಕಾರದ ಪ್ರತಿ ಕಾಗದದ ಮೇಲಿರುವ ಅದೇ ಎರಡು ತಲೆಯ ಹಕ್ಕಿ ಇಂಗ್ಲಿಷ್ ಕಾಲುವೆಯ ಮೇಲೆ ಹಾರುತ್ತಿದ್ದವರ ಗುರುತಾಗಿತ್ತು. ಆ ಹೊತ್ತಿಗೇ ಬೆಂಗಳೂರಿನಲ್ಲಿ, 1940ರ ಡಿಸೆಂಬರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕರ್ಟಿಸ್ ಹಾಕ್ ಯುದ್ಧವಿಮಾನ ಜೋಡಿಸಿ 1942ರಲ್ಲಿ ಹಾರಿಸಿತು. 1956ರಲ್ಲಿ ಒಂದಾದ ನಾಡಿನ ಎರಡು ಭಾಗಗಳು ಅದಕ್ಕೆ ಹದಿನೈದು ವರ್ಷ ಮೊದಲೇ ಸ್ಪಿಟ್‌ಫೈರ್ ಎಂಬ ಒಂದೇ ಜಾತಿಯ ವಿಮಾನದ ಮೇಲೆ ಹೆಸರು ಪಡೆದಿದ್ದವು. ಶೋಕೇಸಿನಲ್ಲಿ ಈ ಎರಡು ದಳಗಳ ಸ್ಪಿಟ್‌ಫೈರ್‌ಗಳನ್ನೂ ಅಕ್ಕಪಕ್ಕ ನಿಲ್ಲಿಸದೆ ನನಗೆ ಸಮಾಧಾನವಿಲ್ಲ.

ಹೈದರಾಬಾದಿನ ಪಟ್ಟಿ ಅಲ್ಲಿಗೂ ಮುಗಿಯದು. ನಂಬರ್ 253 (ಹೈದರಾಬಾದ್ ಸ್ಟೇಟ್) ಸ್ಕ್ವಾಡ್ರನ್ ಅದೇ ಬ್ರಿಟನ್ ಕದನದಲ್ಲಿ ಹರಿಕೇನ್ ಹಾರಿಸಿತು. ಅದರ ಅಗ್ಗದ ಕಿಟ್ ಕೂಡ ಸಿಗುತ್ತದೆ. ಅದಕ್ಕೂ ಹಿಂದೆ, ಮೊದಲ ಮಹಾಯುದ್ಧದಲ್ಲಿ, ನಿಜಾಮರ ದೇಣಿಗೆಯ ಡಿಎಚ್-9ಎ ಬಾಂಬರುಗಳನ್ನು ಹಾರಿಸಿದ್ದು ನಂಬರ್ 110 (ಹೈದರಾಬಾದ್) ಸ್ಕ್ವಾಡ್ರನ್. ಅವುಗಳ ಮೈಮೇಲೆ ನಿಜಾಮರ ಹೆಸರನ್ನೇ ಬರೆದಿದ್ದರು. ಎಫ್1010 ಎಂಬ ಸಂಖ್ಯೆಯದ್ದು 1918ರ ಅಕ್ಟೋಬರ್ 5ರಂದು ಜರ್ಮನರ ಕೈಗೆ ಸಿಕ್ಕಿತು. ಬರ್ಲಿನ್ನಿನ ಸಂಗ್ರಹಾಲಯ ಸೇರಿ, ಎರಡನೇ ಮಹಾಯುದ್ಧದ ಗದ್ದಲದಲ್ಲಿ ಪೋಲೆಂಡಿಗೆ ಹೋಗಿ, ಕ್ರಾಕೋವ್‌ನಲ್ಲಿ ಉಳಿಯಿತು. 1977ರಲ್ಲಿ ಲಂಡನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ ಅದನ್ನು ಪಡೆಯಲು ಪೋಲೆಂಡಿಗೆ ಬದಲಿಯಾಗಿ ಏನು ಕೊಟ್ಟಿತು ಗೊತ್ತೇ? ಒಂದು ಇಡೀ ಸ್ಪಿಟ್‌ಫೈರ್!