ರೈಫಲಿನ ಗ್ಯಾಸ್: ಹಿಡಿಯುವುದೆಷ್ಟು, ಬಿಡುವುದೆಷ್ಟು?

ಮುಂಬಯಿ, ಪುಣೆಗಳ ನಮ್ಮ ಕನ್ನಡ ಸಂಘಗಳಲ್ಲಿ ಸೇನೆಯಿಂದ ನಿವೃತ್ತರಾದ ಹಿರಿಯರು ಒಬ್ಬಿಬ್ಬರಾದರೂ ಇರುವುದುಂಟು. ಅವರ ಮಾತಿನಲ್ಲಿ ಆಗಾಗ ಬರುವ ಹೆಸರು ಎಸ್‌ಎಲ್‌ಆರ್. ಸೆಲ್ಫ್ ಲೋಡಿಂಗ್ ರೈಫಲ್, ಅಂದರೆ ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾನೇ ತುಂಬಿಕೊಳ್ಳುವ ಬಂದೂಕು. ಈ ಕೆಲಸವನ್ನು ಅದು ಮಾಡಿಸುವುದು ಗ್ಯಾಸಿನಿಂದ.

1962ರ ಚೀನಾ ಯುದ್ಧದಲ್ಲಿ ನಮ್ಮ ಜವಾನರ ಕೈಯಲ್ಲಿದ್ದುದು ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದ ‘ತ್ರೀ ನಾಟ್ ತ್ರೀ’. (2008ರ ನವೆಂಬರ್ 26ರ ರಾತ್ರಿ ಸಿಎಸ್‌ಟಿ ನಿಲ್ದಾಣದಲ್ಲೂ ಕೆಲವು ಪೊಲೀಸರ ಬಳಿ ಇದ್ದುದು ಅದೇ ಎಂಬುದನ್ನು ಮುಂಬಯಿಗರು ಮರೆತಿರಲಾರರು.) ಆ ಯುದ್ಧದ ತರುವಾಯ ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ, ಬೆಲ್ಜಿಯಂನ ಎಫ್‌ಎನ್ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ 7.62 ಮಿ.ಮೀ. ಎಸ್‌ಎಲ್‌ಆರ್ ತಯಾರಿಸತೊಡಗಿತು. ಮ್ಯಾಗಜೀನಿನಲ್ಲಿ 20 ಗುಂಡು. 1971ರ ಯುದ್ಧದ ಹೊತ್ತಿಗೆ ಅದು ಸೇನೆಯ ಮುಖ್ಯ ರೈಫಲ್.

ಗ್ಯಾಸಿನ ವಿಷಯಕ್ಕೆ ಬರೋಣ. ನಮ್ಮ ಅಡುಗೆಮನೆಯ ಕುಕ್ಕರಿನೊಳಗೆ ಹೊರಗಿನ ಗಾಳಿಯ ಸುಮಾರು ಎರಡರಷ್ಟು ಒತ್ತಡವಿರುತ್ತದೆ. ಗುಂಡು ಸಿಡಿಯುವಾಗ ರೈಫಲಿನೊಳಗೆ ಏಳುವ ಒತ್ತಡ ಹೊರಗಿನ ಗಾಳಿಯ ಮೂರು ಸಾವಿರ ಪಟ್ಟಿಗೂ ಹೆಚ್ಚು. ಇದನ್ನು ತಡೆಯಲು ಅಲ್ಲಿ ರಬ್ಬರ್ ಗ್ಯಾಸ್ಕೆಟ್ ಇಲ್ಲ. ಗುಂಡಿನ ಹಿತ್ತಾಳೆಯ ಖೋಲೇ ಆ ಕ್ಷಣಕ್ಕೆ ಉಬ್ಬಿ, ಕೊಳವೆಯ ಹಿಂಭಾಗದ ಗೋಡೆಗೆ ಅಂಟಿ, ಗ್ಯಾಸ್ ಹಿಂದಕ್ಕೆ, ಅಂದರೆ ಹೊಡೆಯುವವನ ಮುಖದತ್ತ ಬರದಂತೆ ಮುಚ್ಚುತ್ತದೆ. ಒತ್ತಡ ಇಳಿದೊಡನೆ ಖೋಲು ತುಸು ಕುಗ್ಗಿ ಸಡಿಲಾಗುತ್ತದೆ. ಖೋಲಿಗೆ ಕಬ್ಬಿಣಕ್ಕಿಂತ ಹಿತ್ತಾಳೆಯೇ ಮೆಚ್ಚಿನದಾಗಲು ಈ ಗುಣವೂ ಕಾರಣ. ಪುಣೆಯವರಿಗೆ ಚಿರಪರಿಚಿತವಾದ ಖಡ್ಕಿ ಮದ್ದುಗುಂಡು ಕಾರ್ಖಾನೆಯಲ್ಲಿ 1869ರಿಂದ ನಡೆದುಬಂದಿರುವ ಕೆಲಸ ಈ ಬಗೆಯದು.

ಗುಂಡು ಕೊಳವೆಯಲ್ಲಿ ಮುಂದಕ್ಕೆ ಓಡುವಾಗ ಅದರ ಹಿಂದಿನ ಗ್ಯಾಸಿನ ಚಿಕ್ಕ ಪಾಲೊಂದು ಕೊಳವೆಯ ಮೇಲಿನ ರಂಧ್ರದಿಂದ ಸಿಲಿಂಡರಿಗೆ ನುಗ್ಗುತ್ತದೆ. ಅಲ್ಲಿರುವ ಪಿಸ್ಟನ್ ಹಿಂದಕ್ಕೆ ಜಿಗಿದು ಬೋಲ್ಟನ್ನು ಹೊತ್ತ ಭಾಗಕ್ಕೆ ಬಡಿಯುತ್ತದೆ. ಖಾಲಿ ಖೋಲು ಹೊರಗೆ, ಸ್ಪ್ರಿಂಗಿನ ಬಲದಿಂದ ಹೊಸ ಗುಂಡು ಒಳಗೆ. ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ.

ಗ್ಯಾಸ್ ಒಂದಿಷ್ಟೂ ಸೋರಬಾರದು ಎಂದು ನಾವು ಊಹಿಸುತ್ತೇವೆ. ಎಸ್‌ಎಲ್‌ಆರ್ ನಿರ್ಮಿಸಿದವರ ಲೆಕ್ಕ ಬೇರೆ. ಕುಕ್ಕರಿಗೆ ವಿಷಲ್ ಇದ್ದಂತೆ ಇದಕ್ಕೊಂದು ರೆಗ್ಯುಲೇಟರ್. ಹೆಚ್ಚಿನ ಗ್ಯಾಸ್ ಬೇಕೆಂದೇ ಬಿಟ್ಟ ತೂತಿನಿಂದ ಹೊರಹೋಗುತ್ತದೆ. ರೈಫಲ್ ಹೊಲಸಾಗಿದ್ದರೆ, ಮರಳು ಹೊಕ್ಕಿದ್ದರೆ, ಜವಾನ ಉಂಗುರ ತಿರುವಿ ತೂತನ್ನು ಕಿರಿದಾಗಿಸಿ ಪಿಸ್ಟನ್ನಿಗೆ ಹೆಚ್ಚು ಬಲ ಕೊಡುತ್ತಾನೆ. ಬಲ ಸಾಲದಿದ್ದರೆ ಖೋಲು ಹೊರಬೀಳದು, ಇಲ್ಲವೇ ಮುಂದಿನ ಗುಂಡು ಏರದು. ಸೈನ್ಯದ ಭಾಷೆಯಲ್ಲಿ ಇದೇ ಗ್ಯಾಸ್ ಸ್ಟಾಪೇಜ್. ಅತಿಯಾದರೆ ಭುಜಕ್ಕೆ ಏಟು ಜೋರು, ಬಿಡಿಭಾಗಗಳ ಆಯುಷ್ಯವೂ ಕಡಿಮೆ. ಆದ್ದರಿಂದ ಇದು ಪೂರ್ತಿ ಮುಚ್ಚುವ ವಿದ್ಯೆಯಲ್ಲ, ಅಳೆದು ಬಿಡುವ ವಿದ್ಯೆ.

ಪೂರ್ತಿ ಮುಚ್ಚುವ ಸಂದರ್ಭ ಒಂದೇ ಒಂದು. ಕೊಳವೆಯ ತುದಿಗೆ ಗ್ರೆನೇಡ್ ಸಿಕ್ಕಿಸಿ ಹಾರಿಸುವಾಗ ಗ್ಯಾಸೆಲ್ಲ ಆ ಕೆಲಸಕ್ಕೇ ಬೇಕು. ಆಗ ಮುಂದಿರುವ ಗ್ಯಾಸ್ ಪ್ಲಗ್ಗನ್ನು ತಿರುಗಿಸಿ ಪಿಸ್ಟನ್ನಿನ ದಾರಿ ಬಂದ್ ಮಾಡುತ್ತಾರೆ. ತೊಂದರೆ ಹುಟ್ಟುವುದೂ ಇಲ್ಲೇ. ಒರೆಸಿ ಜೋಡಿಸುವಾಗ ಪ್ಲಗ್ ತಿರುಗುಮುರುಗಾಗಿ ಕೂತರೆ ರೈಫಲ್ ಸಿಡಿಯುತ್ತದೆ, ಆದರೆ ತಾನೇ ತುಂಬಿಕೊಳ್ಳುವುದಿಲ್ಲ. ಪ್ರತಿ ಗುಂಡಿಗೂ ಕೈಯಿಂದ ಎಳೆಯಬೇಕು. ಶತ್ರುವಿನೆದುರು ನಿಂತವನು ಮತ್ತೆ ತ್ರೀ ನಾಟ್ ತ್ರೀ ಕಾಲಕ್ಕೆ ಮರಳಿದಂತೆ! ಕಸರತ್ತಿನ ಮೈದಾನದಲ್ಲಿ ಇದು ಉಸ್ತಾದರ ಬೈಗುಳದಲ್ಲಿ ಮುಗಿದೀತು, ಗಡಿಯಲ್ಲಿ ಹಾಗಲ್ಲ. ಬಿಚ್ಚುವುದು, ಪುಲ್ ಥ್ರೂನಿಂದ ಕೊಳವೆ ಎಳೆಯುವುದು, ಪಿಸ್ಟನ್ನಿನ ಮಸಿ ತೆಗೆಯುವುದು, ಮತ್ತೆ ಜೋಡಿಸುವುದು - ಇಷ್ಟನ್ನೇ ಕಣ್ಣು ಮುಚ್ಚಿಯೂ ಮಾಡಬಲ್ಲಷ್ಟು ಅಭ್ಯಾಸ ಮಾಡಿಸುವುದರ ಅರ್ಥ ಇಲ್ಲಿದೆ.

1990ರ ದಶಕದ ಕೊನೆಯಲ್ಲಿ 5.56 ಮಿ.ಮೀ. ಇನ್ಸಾಸ್ ಬಂದು ಎಸ್‌ಎಲ್‌ಆರ್ ಹಿಂದೆ ಸರಿಯಿತು. 2019ರಲ್ಲಿ ಸೇನೆ ಅಮೆರಿಕದ 72,400 ಸಿಗ್ 716 ರೈಫಲುಗಳಿಗೆ ಒಪ್ಪಂದ ಮಾಡಿಕೊಂಡಿತು. ಗಾತ್ರ ಮತ್ತೆ ಅದೇ 7.62, ತಾನೇ ತುಂಬಿಕೊಳ್ಳುವ ಕೆಲಸವೂ ಮತ್ತೆ ಗ್ಯಾಸಿನಿಂದಲೇ.