ಆಡು ಮುಟ್ಟದ ಸೊಪ್ಪಿಲ್ಲ, ಸರಿ. ಮೂಳೆಪುಡಿ?

ಲಂಡನ್ನಿನ ಮಡ್‌ಚೂಟ್ ಫಾರ್ಮ್. ಹಿಂದೆ ಕ್ಯಾನರಿ ವಾರ್ಫ್‌ನ ಗಾಜಿನ ಗೋಪುರಗಳು, ಮುಂದೆ ಬೇಲಿಯ ಸಂದಿಯಿಂದ ಮೂತಿ ತೂರಿಸಿದ ಆಡು. ಕೈಯಲ್ಲೇನಿದೆ ಎಂದು ಅದರ ತುಟಿ ಆಗಲೇ ತಡಕಾಡುತ್ತಿದೆ. ಆದರೆ ಮಾಂಸ ಬೇಯುವ ಅಡುಗೆಮನೆಯ ಕ್ಯಾರೆಟ್ ಸಿಪ್ಪೆಯನ್ನೂ ಅದಕ್ಕೆ ತಿನ್ನಿಸುವಂತಿಲ್ಲ. ಕಾನೂನು!

ಇಷ್ಟು ಬಿಗಿ ಏಕೆ? ಒಂದು ಕಾರಣ, ಆ ಮೂಳೆಪುಡಿ.

ಒಂದು ಕಾಲಕ್ಕೆ ಬ್ರಿಟನ್ನಿನಲ್ಲಿ ಕಸಾಯಿಖಾನೆಯ ಮೂಳೆ, ಮಾಂಸದ ಚೂರುಗಳನ್ನು ಬೇಯಿಸಿ, ಕೊಬ್ಬು ತೆಗೆದು, ಒಣಗಿಸಿ ಪುಡಿಮಾಡಿ ಹಾಲಿನ ದನಗಳ ಮೇವಿಗೆ ಬೆರೆಸುತ್ತಿದ್ದರು. ಅಗ್ಗದ ಪ್ರೋಟೀನ್, ಕಸವೂ ಖಾಲಿ. ಲೆಕ್ಕ ಚೆನ್ನಾಗಿಯೇ ಇತ್ತು, ಹಸುವನ್ನು ಯಾರೂ ಕೇಳಿರಲಿಲ್ಲ ಅಷ್ಟೇ.

1986ರಲ್ಲಿ ಹುಚ್ಚು ಹಸು ರೋಗ ಪತ್ತೆಯಾಯಿತು; ಹರಡಿದ್ದು ಈ ಪುಡಿಯಿಂದಲೇ. ಮಿದುಳನ್ನು ಸ್ಪಂಜಿನಂತೆ ತೂತು ಮಾಡುವ ಪ್ರಯಾನ್ ಎಂಬ ಕೆಟ್ಟ ಪ್ರೋಟೀನ್ ಬೇಯಿಸಿದರೂ ಸಾಯದು. ಅದು ಜೀವಿಯೇ ಅಲ್ಲವಲ್ಲ! 1988ರಲ್ಲಿ, ಮೆಲುಕು ಹಾಕುವ ಪ್ರಾಣಿಗಳಿಗೆ ಮೆಲುಕು ಹಾಕುವ ಪ್ರಾಣಿಗಳದೇ ಮಾಂಸ-ಮೂಳೆಪುಡಿ ತಿನ್ನಿಸುವುದು ನಿಷೇಧವಾಯಿತು. ಅಷ್ಟರಲ್ಲಿ ತಡವಾಗಿತ್ತು. ಒಟ್ಟು 1,80,000ಕ್ಕೂ ಹೆಚ್ಚು ಹಸುಗಳಲ್ಲಿ ರೋಗ ಖಚಿತವಾಯಿತು. 1996ರ ಮಾರ್ಚ್ 20ರಂದು ಆರೋಗ್ಯ ಸಚಿವ ಸ್ಟೀಫನ್ ಡಾರೆಲ್, ಮನುಷ್ಯರ ಹೊಸ ಮಿದುಳು ರೋಗಕ್ಕೂ ಇದಕ್ಕೂ ನಂಟಿರಬಹುದು ಎಂದು ಲಂಡನ್ನಿನ ಸಂಸತ್ತಿನಲ್ಲಿ ಒಪ್ಪಿಕೊಂಡರು.

ಆಡಿಗೇನು ಸಂಬಂಧ? 2002ರಲ್ಲಿ ಫ್ರಾನ್ಸ್‌ನಲ್ಲಿ ಕಡಿದ ಆಡೊಂದಕ್ಕೆ ಇದೇ ರೋಗವಿತ್ತೆಂದು 2005ರಲ್ಲಿ ಗೊತ್ತಾಯಿತು.

ಈಗ ಬ್ರಿಟನ್ನಿನ ಹಾಲಿನ ಆಡಿಗೆ ಒಣಹುಲ್ಲು, ಕಾಳು, ಸೋಯಾ ಹಿಂಡಿ, ಬಿಯರ್ ಮಾಡಿ ಉಳಿದ ಬಾರ್ಲಿ ಗಸಿ. ಮರಿಗಳಿಗೆ ಹಾಲಿನ ಪುಡಿಗೂ ಅಡ್ಡಿಯಿಲ್ಲ.

ಮಡ್‌ಚೂಟ್‌ಗೆ ಹೋದರೆ, ಬುತ್ತಿಯ ಚಪಾತಿ ಚೀಲದಲ್ಲೇ ಇರಲಿ.