ವೆಂಟಿಲೇಟರ್‌ನಿಂದ ಬದುಕಿ ಬಂದ ಮಗುವಿಗೆ ಪದೇ ಪದೇ ‘ದಮ್ಮು’: ಗಂಟಲೊಳಗಿನ ಗಾಯವೂ ಕಾರಣ ಇರಬಹುದು

ಮಗು ಐಸಿಯುನಿಂದ ಮನೆಗೆ ಬಂದು ತಿಂಗಳು ಕಳೆದಿರುತ್ತದೆ. ಹಾಲು ಕುಡಿಯುತ್ತೆ, ನಗುತ್ತೆ. ಆದರೆ ಉಸಿರು ಎಳೆದಾಗಲೆಲ್ಲ ಗಂಟಲಿನಿಂದ ಕೀಚಲು ಶಬ್ದ. ನೆಗಡಿ ಬಂದರಂತೂ ಪಕ್ಕದ ಕೋಣೆಗೂ ಕೇಳಿಸುವಷ್ಟು. ‘ಕಫ ಕಟ್ಟಿದೆ’ ಅಂತ ಒಬ್ಬರು, ‘ದಮ್ಮು ಇರಬೇಕು’ ಅಂತ ಇನ್ನೊಬ್ಬರು. ನೆಬ್ಯುಲೈಸರ್ ಕೊಡಿಸಿದ್ದಾಯ್ತು, ಸಿರಪ್ ಬದಲಾಯಿಸಿದ್ದಾಯ್ತು, ಶಬ್ದ ಮಾತ್ರ ನಿಂತಿಲ್ಲ.

ಇಂಥ ಮಕ್ಕಳ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಮಗುವಿಗೆ ಯಾವಾಗಲಾದರೂ ಉಸಿರಾಟದ ಟ್ಯೂಬ್ ಹಾಕಿದ್ದರಾ?

ಟ್ಯೂಬ್ ಹಾಕಬೇಕಾದ ಸಂದರ್ಭಗಳು ಹಲವು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಶ್ವಾಸಕೋಶ ಬಲಿತಿರುವುದಿಲ್ಲ. ತೀವ್ರ ನ್ಯುಮೋನಿಯಾ, ಮೆದುಳು ಜ್ವರ, ತಲೆಗೆ ಪೆಟ್ಟು ಬಿದ್ದಾಗಲೂ ಬೇಕಾಗುತ್ತದೆ. ಹಳ್ಳಿಗಳ ಕಡೆ ಇನ್ನೆರಡು ಕಾರಣ ಇವೆ. ನಾಗರಹಾವು, ಕಟ್ಟುಹಾವು ಕಚ್ಚಿದರೆ ಉಸಿರಾಟದ ಸ್ನಾಯುಗಳೇ ಕೆಲಸ ನಿಲ್ಲಿಸಬಹುದು. ಹೊಲಕ್ಕೆಂದು ತಂದಿಟ್ಟ ಕೀಟನಾಶಕವನ್ನು ಮಗು ಬಾಯಿಗೆ ಹಾಕಿಕೊಂಡಾಗಲೂ ಹೀಗಾಗುತ್ತದೆ. ಆಗ ಬಾಯಿ ಅಥವಾ ಮೂಗಿನ ಮೂಲಕ ಪ್ಲಾಸ್ಟಿಕ್ ಟ್ಯೂಬನ್ನು ಧ್ವನಿತಂತುಗಳ ನಡುವಿನಿಂದ ಇಳಿಸಿ ಶ್ವಾಸನಾಳಕ್ಕೆ ಸೇರಿಸುತ್ತಾರೆ. ವೆಂಟಿಲೇಟರ್ ಗಾಳಿ ಹೋಗುವುದು ಇದರ ಮೂಲಕವೇ.

ಇಲ್ಲೊಂದು ಮಾತು ಸ್ಪಷ್ಟ ಇರಲಿ. ‘ಪೈಪ್ ಹಾಕಿದ್ರೆ ಮಗು ಉಳಿಯಲ್ಲ’ ಅಂತ ಹೆದರಿ ಬೇಡ ಅನ್ನುವ ಕುಟುಂಬಗಳಿವೆ. ಆದರೆ ಟ್ಯೂಬ್ ಹಾಕುವ ಸ್ಥಿತಿ ಬಂದಿದೆ ಅಂದರೆ, ಹಾಕದಿದ್ದರೆ ಜೀವಕ್ಕೇ ಅಪಾಯ ಎಂದರ್ಥ. ಗಂಟಲಿನ ಗಾಯ ಆಮೇಲಿನ ಲೆಕ್ಕ. ಹೆಚ್ಚಿನ ಮಕ್ಕಳಿಗೆ ಎರಡು ದಿನದ ಗಂಟಲು ಊತ ಬಿಟ್ಟರೆ ಮತ್ತೇನೂ ಆಗುವುದಿಲ್ಲ.

ಹಾಗಾದರೆ ಕೆಲವರಿಗೆ ಏಕೆ ಆಗುತ್ತೆ? ಉತ್ತರ ಇರುವುದು ಧ್ವನಿಪೆಟ್ಟಿಗೆಯ ಕೆಳಗಿನ ಒಂದು ಉಂಗುರದಲ್ಲಿ. ಶ್ವಾಸನಾಳದ ಉದ್ದಕ್ಕೂ ಮೃದ್ವಸ್ಥಿಯ ಬಳೆಗಳಿವೆ. ಅವು ಹಿಂಬದಿ ತೆರೆದಿರುವ ಅರೆಬಳೆಗಳು, ಒತ್ತಡ ಬಿದ್ದರೆ ತುಸು ಅಗಲವಾಗುತ್ತವೆ. ಕ್ರಿಕಾಯ್ಡ್ ಎಂಬ ಮೇಲಿನ ಉಂಗುರ ಮಾತ್ರ ಸುತ್ತಲೂ ಪೂರ್ತಿ ಮುಚ್ಚಿದೆ. ಅಲ್ಲಿ ಊತ ಬಂದರೆ ಹೊರಕ್ಕೆ ಹಿಗ್ಗಲು ಜಾಗವಿಲ್ಲ, ಒಳಕ್ಕೇ ಉಬ್ಬಬೇಕು. ಪುಟ್ಟ ಮಕ್ಕಳ ಉಸಿರುದಾರಿಯ ಅತ್ಯಂತ ಇಕ್ಕಟ್ಟಿನ ಜಾಗಗಳಲ್ಲಿ ಇದೂ ಒಂದು.

ತಿಂಗಳು ತುಂಬಿ ಹುಟ್ಟಿದ ಶಿಶುವಿನಲ್ಲಿ ಈ ದಾರಿಯ ಅಗಲ ಸುಮಾರು 5 ಮಿಲಿಮೀಟರ್. 4 ಮಿಲಿಮೀಟರ್ ದಾರಿಯಲ್ಲಿ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಊತ ಬಂತು ಅಂದುಕೊಳ್ಳಿ. ಉಳಿಯುವುದು 2 ಮಿಲಿಮೀಟರ್. ಅಗಲ ಅರ್ಧ ಆದರೂ ಗಾಳಿ ಹೋಗುವ ಜಾಗ ಕಾಲುಭಾಗಕ್ಕೆ ಇಳಿಯುತ್ತದೆ, ಉಸಿರು ಎಳೆಯಲು ಎದುರಾಗುವ ತಡೆ ಸುಮಾರು 16 ಪಟ್ಟು ಏರುತ್ತದೆ. ಅದೇ ಒಂದು ಮಿಲಿಮೀಟರ್ ಊತ ದೊಡ್ಡವರಿಗೆ ಬಂದರೆ ಗಂಟಲು ಕೆರೆತ ಅಂತ ಬಿಸಿನೀರು ಕುಡಿದು ಸುಮ್ಮನಾಗುತ್ತಾರೆ.

ಟ್ಯೂಬ್ ಬಿಗಿಯಾಗಿ ಕೂತರೆ ಒಳಪೊರೆಯ ಸಣ್ಣ ರಕ್ತನಾಳಗಳು ಒತ್ತಿಕೊಂಡು ರಕ್ತ ಹರಿಯುವುದು ನಿಲ್ಲುತ್ತದೆ. ಒಂದೇ ಮಗ್ಗುಲಲ್ಲಿ ಮಲಗಿದವರ ಬೆನ್ನಿಗೆ ಹುಣ್ಣಾಗುತ್ತಲ್ಲ, ಹಾಗೇ ಇದೂ. ಪೊರೆ ಸತ್ತು ಹುಣ್ಣಾಗುತ್ತದೆ, ಹುಣ್ಣು ಮೃದ್ವಸ್ಥಿಯವರೆಗೆ ಇಳಿಯಬಹುದು. ಅದು ಮಾಯುವಾಗ ಬೆಳೆಯುವ ಗಡುಸು ಅಂಗಾಂಶ ಸಂಕುಚಿತಗೊಂಡು ದಾರಿಯನ್ನು ಕಿರಿದಾಗಿಸುತ್ತದೆ. ಸಮಸ್ಯೆ ಏನೆಂದರೆ, ಇದು ಟ್ಯೂಬ್ ತೆಗೆದ ದಿನವೇ ಆಗುವುದಿಲ್ಲ. ಎರಡರಿಂದ ಆರು ವಾರ ಹಿಡಿಯಬಹುದು. ಅಷ್ಟರಲ್ಲಿ ಮಗು ಡಿಸ್ಚಾರ್ಜ್ ಆಗಿ ಮನೆ ಸೇರಿರುತ್ತದೆ, ಆಸ್ಪತ್ರೆಯ ವಿಷಯ ಮರೆತೂ ಹೋಗಿರುತ್ತದೆ.

ಎಷ್ಟು ದಿನ ಟ್ಯೂಬ್ ಇತ್ತು ಎನ್ನುವುದೊಂದೇ ಲೆಕ್ಕವಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮೃದ್ವಸ್ಥಿ ಮೆತ್ತಗಿರುವುದರಿಂದ ವಾರಗಟ್ಟಲೆ ಟ್ಯೂಬ್ ಇದ್ದೂ ಏನೂ ಆಗದ ಉದಾಹರಣೆಗಳು ಬೇಕಾದಷ್ಟಿವೆ. ಅಳತೆಗಿಂತ ದಪ್ಪ ಟ್ಯೂಬ್, ಮಗು ಒದ್ದಾಡಿ ಟ್ಯೂಬ್ ಒಳಗೇ ಉಜ್ಜುವುದು, ಕಿತ್ತು ಬಂದಾಗ ಮತ್ತೆ ಮತ್ತೆ ಹಾಕುವುದು, ಸೋಂಕು, ಹೊಟ್ಟೆಯ ಆಮ್ಲ ಗಂಟಲಿಗೆ ಬರುವುದು ಇವೆಲ್ಲ ಸೇರಿ ಗಾಯ ಹೆಚ್ಚಿಸುತ್ತವೆ. ಅದಕ್ಕೇ ತೂಕ ನೋಡಿ ಟ್ಯೂಬ್ ಆರಿಸುವ ನಿಯಮ ಇದೆ: ಒಂದು ಕೆಜಿಗಿಂತ ಕಡಿಮೆ ಇರುವ ಶಿಶುವಿಗೆ 2.5 ಮಿಲಿಮೀಟರ್, ಒಂದರಿಂದ ಎರಡು ಕೆಜಿಗೆ 3. ಟ್ಯೂಬ್‌ಗೆ ಗಾಳಿ ತುಂಬುವ ಬಲೂನು ಇದ್ದರೆ ಅದರ ಒತ್ತಡವನ್ನು ಮೀಟರ್ ಇಟ್ಟು ಅಳೆಯಬೇಕು, ಬೆರಳಿನ ಅಂದಾಜು ಸಾಲದು. ಮೂಗಿಗೆ ಮಾತ್ರ ಜೋಡಿಸುವ ಸಿಪ್ಯಾಪ್ ಸಾಕಾಗುವ ಶಿಶುವಿಗೆ ಟ್ಯೂಬೇ ಬೇಡ.

ಮಕ್ಕಳಿಗೆ ದೀರ್ಘಕಾಲ ಟ್ಯೂಬ್ ಇಡುವ ಪದ್ಧತಿ ತೀರಾ ಹಳೆಯದಲ್ಲ. 1965ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ವೈದ್ಯರಾದ ಮೆಕ್‌ಡೊನಾಲ್ಡ್ ಮತ್ತು ಸ್ಟಾಕ್ಸ್ ತಮ್ಮ ಅನುಭವ ಪ್ರಕಟಿಸಿದ ಮೇಲೆ ಇದು ಎಲ್ಲೆಡೆ ಹರಡಿತು. ಮೊದಲು ಉಳಿಯದಿದ್ದ ಶಿಶುಗಳು ಉಳಿಯತೊಡಗಿದವು. ಜೊತೆಗೇ ಈ ಹೊಸ ಕಾಯಿಲೆ ಕಾಣಿಸಿಕೊಂಡಿತು. ಟ್ಯೂಬ್ ತೆಗೆಯಲಾಗದ ಶಿಶುಗಳಿಗೆ ಆ ಉಂಗುರವನ್ನೇ ಮುಂಭಾಗದಲ್ಲಿ ಸೀಳಿ ಅಗಲ ಮಾಡುವ ಶಸ್ತ್ರಚಿಕಿತ್ಸೆಯನ್ನು ಅಮೆರಿಕದ ಕಾಟನ್ ಮತ್ತು ಸೀಡ್ 1980ರಲ್ಲಿ ವಿವರಿಸಿದರು.

ಈಗ ಪೋಷಕರಿಗೆ ಬೇಕಾದ ಮುಖ್ಯ ವಿಷಯ. ದಮ್ಮಿಗೂ ಇದಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತೆ? ದಮ್ಮಿನ ಸುಯ್ ಶಬ್ದ ಸಾಮಾನ್ಯವಾಗಿ ಎದೆಯಿಂದ, ಉಸಿರು ಬಿಡುವಾಗ ಬರುತ್ತದೆ. ಗಂಟಲು ಕಿರಿದಾದರೆ ಶಬ್ದ ಕತ್ತಿನ ಭಾಗದಿಂದ, ಮುಖ್ಯವಾಗಿ ಉಸಿರು ಎಳೆಯುವಾಗ ಬರುತ್ತದೆ. ಕೆಲವೊಮ್ಮೆ ಎರಡೂ ಹೊತ್ತು ಕೇಳಿಸುತ್ತದೆ. ಅಳು ಕೀರಲು ಅಥವಾ ಒಡೆದ ದನಿ, ಹಾಲು ಕುಡಿಯುವಾಗ ಮಧ್ಯೆ ಮಧ್ಯೆ ನಿಲ್ಲಿಸಿ ಏದುಸಿರು, ನೆಗಡಿ ಬಂದಾಗಲೆಲ್ಲ ನಾಯಿ ಬೊಗಳಿದಂಥ ಕೆಮ್ಮು, ದಮ್ಮಿನ ಔಷಧಿಗೆ ಜಗ್ಗದ ಶಬ್ದ. ಮೊಬೈಲ್‌ನಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡಿಟ್ಟುಕೊಂಡರೆ ಡಾಕ್ಟರಿಗೆ ಬಹಳ ಸಹಾಯ. ಓಪಿಡಿಗೆ ಹೋದಾಗ ಮಗು ಶಾಂತವಾಗಿ ನಿದ್ದೆ ಮಾಡುತ್ತಿರುವುದು ಮಾಮೂಲು.

ಪಕ್ಕೆ ಸೆಳೆತ, ಕತ್ತಿನ ಕುಳಿ ಒಳಕ್ಕೆ ಹೋಗುವುದು, ತುಟಿ ನೀಲಿಯಾಗುವುದು ಕಂಡರೆ ಕಾಯಬಾರದು, 108ಕ್ಕೆ ಕರೆ ಮಾಡಬೇಕು. ಮಗುವನ್ನು ಬಲವಂತವಾಗಿ ಮಲಗಿಸದೆ, ಅಳಿಸದೆ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಜೋರಾಗಿದ್ದ ಶಬ್ದ ಇದ್ದಕ್ಕಿದ್ದಂತೆ ಕಮ್ಮಿಯಾಗಿ ಮಗು ಸುಸ್ತಾದರೆ ‘ಸ್ವಲ್ಪ ಆರಾಮಾಯ್ತು’ ಅಂದುಕೊಳ್ಳುವಂತಿಲ್ಲ. ಉಸಿರು ಎಳೆಯುವ ಶಕ್ತಿಯೇ ಮುಗಿದಿರಬಹುದು.

ಗಾಯ ಖಚಿತಪಡಿಸಲು ಎಕ್ಸ್‌ರೇ ಒಂದೇ ಸಾಲದು. ಇಎನ್‌ಟಿ ತಜ್ಞರು ಅರಿವಳಿಕೆ ಕೊಟ್ಟು ದುರ್ಬೀನು ಇಳಿಸಿ ನೋಡಬೇಕು. ಎಷ್ಟು ಭಾಗ ಮುಚ್ಚಿದೆ ಎಂಬುದರ ಮೇಲೆ ನಾಲ್ಕು ಹಂತಗಳಿವೆ: ಅರ್ಧದವರೆಗೆ ಮುಚ್ಚಿದ್ದರೆ ಮೊದಲನೆಯದು, ಪೂರ್ತಿ ಮುಚ್ಚಿದ್ದರೆ ನಾಲ್ಕನೆಯದು. ಮೊದಲ ಹಂತದ ಹಲವು ಮಕ್ಕಳಿಗೆ ನಿಗಾ ಸಾಕು, ಬೆಳೆದಂತೆ ದಾರಿಯೂ ಅಗಲವಾಗುತ್ತದೆ. ಬೇಗ ಪತ್ತೆಯಾದರೆ ಬಲೂನಿನಿಂದ ಹಿಗ್ಗಿಸುವ ಅವಕಾಶ ಇರುತ್ತದೆ. ತಡವಾಗಿ ಗಡುಸಾದ ಮೇಲೆ ಪಕ್ಕೆಲುಬಿನ ಮೃದ್ವಸ್ಥಿ ತೆಗೆದು ಕಸಿ ಮಾಡುವ ದೊಡ್ಡ ಆಪರೇಷನ್ ಬೇಕಾಗಬಹುದು. ಅಲ್ಲಿಯವರೆಗೆ ಕತ್ತಿನಲ್ಲಿ ರಂಧ್ರ ಮಾಡಿ ಟ್ರೇಕಿಯಾಸ್ಟಮಿ ಕೊಳವೆ ಇಡುತ್ತಾರೆ. ಅದಿರುವ ಮಗುವಿನ ಅಳು ಹೊರಗೆ ಕೇಳಿಸದೇ ಇರಬಹುದು, ಹಾಗಾಗಿ ರಾತ್ರಿ ಒಬ್ಬರು ಎಚ್ಚರ ಇರಲೇಬೇಕು.

ಡಿಸ್ಚಾರ್ಜ್ ಆಗುವಾಗ ಕೊಡುವ ಕಾಗದದಲ್ಲಿ ಯಾವ ಅಳತೆಯ ಟ್ಯೂಬ್, ಎಷ್ಟು ದಿನ, ಎಷ್ಟು ಸಲ ಹಾಕಿದರು ಎಂಬುದು ಬರೆದಿದೆಯಾ ನೋಡಬೇಕು. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಬಹುದು. ಲಸಿಕೆಯ ತಾಯಿ ಕಾರ್ಡ್ ಜೊತೆ ಇದನ್ನೂ ಇಟ್ಟುಕೊಂಡರೆ ಒಳ್ಳೆಯದು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಹರ್ನಿಯಾ ಜಾಸ್ತಿ, ಅದರ ಆಪರೇಷನ್‌ಗೆ ಮತ್ತೆ ಅರಿವಳಿಕೆ ಕೊಡಬೇಕಾಗುತ್ತದೆ. ಹಿಂದೆ ಟ್ಯೂಬ್ ಹಾಕಿದ್ದು ಮೊದಲೇ ಗೊತ್ತಿದ್ದರೆ ಅರಿವಳಿಕೆ ಡಾಕ್ಟರ್ ಒಂದೆರಡು ಸೈಜ್ ಚಿಕ್ಕ ಟ್ಯೂಬ್‌ಗಳನ್ನೂ ಸಿದ್ಧ ಇಟ್ಟುಕೊಂಡೇ ಕೆಲಸ ಶುರು ಮಾಡುತ್ತಾರೆ.